ಹನ್ನೊಂದು ಮಂದಿಯನ್ನು

ಫೆಬ್ರವರಿ 3

ಗುಬ್ಬಿ,

ಇದು ಅಂಗಡಿಯವನ ಕೈಬರಹವಲ್ಲ, ನನ್ನದು. ಇಷ್ಟು ವರ್ಷ ಅವನಿಂದ ಬರೆಸಿ ನಿನಗೆ ಕಳಿಸಿದ ಕಾಗದಗಳ ಕೊನೆಯಲ್ಲಿ ‘ಎಲ್ಲರೂ ಕ್ಷೇಮ’ ಎಂದು ಇರುತ್ತಿತ್ತಲ್ಲ, ಅದು ಅವನ ಸ್ವಂತದ್ದು. ನಾನು ಹೇಳಿದ್ದಲ್ಲ. ಅಕ್ಷರ ಬಂದ ಮೇಲೆ ಒಂದು ದಿನ ಅವನು ಬರೆಯುವಾಗ ಬಗ್ಗಿ ನೋಡಿ ಕಂಡುಹಿಡಿದೆ. ನಾನು ಜ್ವರ ಬಂದು ಮಲಗಿದ್ದಾಗಲೂ ಹಾಗೇ ಬರೆದಿದ್ದನಂತೆ. ಕೇಳಿದರೆ, “ಹಂಗ್ ಬರೆದ್ರೇ ಕಾಗದಕ್ಕೆ ಒಂದು ಲಕ್ಷಣ” ಅಂದ.

ನಮ್ಮ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆ ನಿನಗೆ ನೆನಪಿರಬೇಕು. ಮುರಿದ ಕುರ್ಚಿ, ಹರಿದ ಚಾಪೆ ತುಂಬಿರುತ್ತಿತ್ತು. ಅದನ್ನು ಖಾಲಿ ಮಾಡಿಸಿ ನಾಲ್ಕು ಹೊಲಿಗೆ ಯಂತ್ರ ಇಟ್ಟಿದ್ದಾರೆ. ವಾರಕ್ಕೆ ಮೂರು ಸಂಜೆ, ಮೊದಲು ಒಂದು ಗಂಟೆ ಅಕ್ಷರ, ಆಮೇಲೆ ಹೊಲಿಗೆ. ಕಲಿಸುವವರು ಅಂಗಡಿ ಮುಚ್ಚಿ ಮನೆಯಲ್ಲಿದ್ದ ದರ್ಜಿ. ನಾವೆಲ್ಲ ದರ್ಜಿ ಮೇಷ್ಟ್ರು ಅನ್ನುತ್ತೇವೆ. ಅವರಿಗೆ ಹಲಗೆ ಬೇಡ. ಕಪ್ಪು ಬಟ್ಟೆಯನ್ನು ಗೋಡೆಗೆ ಬಿಗಿದು, ಅಂಗಿಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ತಲೆಕಟ್ಟು ಎಂದರೆ ಕಾಲರು, ಒತ್ತಕ್ಷರ ಎಂದರೆ ಜೇಬು. ಕಾಲರು ಮರೆತರೆ “ಏನಮ್ಮಾ, ಅಂಗಿ ಹಾಕ್ಕೊಂಡು ಕತ್ತು ಎಲ್ಲಿ ಇಟ್ಟೆ?” ಅನ್ನುತ್ತಾರೆ. ಓದಲು ಪ್ರಾರ್ಥನೆಯ ಪುಸ್ತಕ ಒಂದೇ. ಬೇರೆ ಪುಸ್ತಕ ಬೇಡ ಎಂದು ಮಂದಿರದ ಕಾರ್ಯದರ್ಶಿಗಳ ಅಪ್ಪಣೆ.

ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಈ ಕಾಗದಕ್ಕೆ ನಾಲ್ಕು ದಿನ. ಬಗ್ಗಿ ಬರೆದು ಬೆನ್ನು ನೋವು ಜಾಸ್ತಿಯಾಗಿದೆ. ನೀನು ಓದುತ್ತಿದ್ದಾಗ ನಾನು ಪಕ್ಕದಲ್ಲೇ ಕೂತು ನಿನ್ನ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದೆ. ನಿನ್ನ ಪುಸ್ತಕ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಅದಕ್ಕೇ ಏನೋ, ಮೊದಮೊದಲು ಅಕ್ಷರಗಳೆಲ್ಲ ತಲೆಕೆಳಗಾಗಿಯೇ ಬಂದವು. ಮೇಷ್ಟ್ರು ತುಂಬ ನಕ್ಕರು.

ಉತ್ತರ ಬರೆ. ದೊಡ್ಡ ಅಕ್ಷರದಲ್ಲಿ ಬರೆ.

ನಿನ್ನ ಅಕ್ಕ

*

ಫೆಬ್ರವರಿ 20

ಅಕ್ಕನಿಗೆ,

ಕಾಗದ ತಲುಪಿತು. ನಂಬಲಿಕ್ಕೆ ಆಗಲಿಲ್ಲ. ಪಕ್ಕದ ಮೇಜಿನವರಿಗೆ ತೋರಿಸೋಣ ಅನ್ನಿಸಿತು, ಆಮೇಲೆ ತಪ್ಪುಗಳನ್ನು ನೋಡಿ ಸುಮ್ಮನಾದೆ. ಬೇಸರ ಮಾಡಿಕೊಳ್ಳಬೇಡ. ಮೂವತ್ತೆಂಟು ಕಡೆ ಕೆಂಪು ಶಾಯಿಯಲ್ಲಿ ತಿದ್ದಿ, ನಿನ್ನ ಕಾಗದವನ್ನೇ ಇದರ ಜೊತೆ ಕಳಿಸಿದ್ದೇನೆ. ಒಂದೊಂದನ್ನೂ ಹತ್ತು ಸಲ ಬರೆ. ಈ ವಯಸ್ಸಿನಲ್ಲಿ ಕಲಿತದ್ದು ತಿದ್ದದಿದ್ದರೆ ಹಾಗೇ ಗಟ್ಟಿಯಾಗಿಬಿಡುತ್ತದೆ.

ಇಲ್ಲಿ ಕೆಲಸದ ರಾಶಿ. ಮುಖ್ಯ ಗುಮಾಸ್ತರು ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ನನ್ನ ಹೆಸರು ಓಡಾಡುತ್ತಿದೆ. ಈಗ ಒಂದು ಹೆಜ್ಜೆಯೂ ತಪ್ಪಬಾರದು. ಬರುವುದಕ್ಕೆ ಆಗುವುದಿಲ್ಲ, ನಿರೀಕ್ಷೆ ಇಟ್ಟುಕೊಳ್ಳಬೇಡ.

ಕೈಗೆ ಸಿಕ್ಕಿದ್ದು ಕಚೇರಿಯ ಹಾಳೆ, ಅದರಲ್ಲೇ ಬರೆದಿದ್ದೇನೆ.

ಇಂತು,
ನಿನ್ನ ತಂಗಿ,
ದ್ವಿತೀಯ ದರ್ಜೆ ಗುಮಾಸ್ತೆ
(ಕೈಗೆ ರೂಢಿಯಾಗಿಬಿಟ್ಟಿದೆ, ನಗಬೇಡ)

*

ಮಾರ್ಚ್ 12

ಗುಬ್ಬಿ,

ಮೂವತ್ತೆಂಟನ್ನೂ ಹತ್ತು ಸಲ ಬರೆದೆ. ನಿನ್ನ ಕೆಂಪು ಶಾಯಿ ನೋಡಿ ಮೇಷ್ಟ್ರು, “ನಿಮ್ ತಂಗಿ ಕಾಗದ ಓದಿದಾರೋ, ಬರೀ ತಪ್ಪು ಓದಿದಾರೋ?” ಅಂದರು. ಹಾಗನ್ನಬೇಡಿ, ಅವಳು ದೊಡ್ಡ ಕಚೇರಿಯಲ್ಲಿರುವವಳು ಎಂದೆ. ನಾನು ಬೆನ್ನು ನೋವಿನ ವಿಷಯ ಬರೆದಿದ್ದೆನಲ್ಲ, ಅಲ್ಲಿ ‘ನೋವು’ ತಿದ್ದಿದ್ದೀಯ. ಈಗ ಸರಿಯಾಗಿ ಬರೆಯುತ್ತೇನೆ. ನೋವು ಹಾಗೇ ಇದೆ.

ಮಂದಿರದಲ್ಲಿ ನನಗೆ ಪ್ರಮಾಣಪತ್ರ ಕೊಟ್ಟರು. ಇನ್ನೂ ಆರು ತಿಂಗಳು ಆಗಲಿ ಎಂದು ಮೇಷ್ಟ್ರ ಮಾತು. ಆದರೆ ಯಂತ್ರಗಳನ್ನು ಕೊಡಿಸಿದ ದಾನಿಗಳು ಬರುವವರಿದ್ದರು. ಯಾರಾದರೂ ಒಬ್ಬರು ಕಲಿತದ್ದನ್ನು ತೋರಿಸಲೇಬೇಕಿತ್ತು. ನಾನು ಎದ್ದು ನಿಂತು ಪ್ರಾರ್ಥನೆ ಓದಿದೆ. ಬಾಯಿಪಾಠ ಬರುವ ಪ್ರಾರ್ಥನೆ, ಎಡವಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡರು. ಮೇಷ್ಟ್ರು ಮಾತ್ರ ಹಿಂದಿನ ಕೋಣೆಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು.

ನಮ್ಮ ಧೋಬಿಖಾನೆಗೂ ಆ ಸುದ್ದಿ ಹೋಗಿದೆ. ಹೊಸ ಯಂತ್ರ ಬರುತ್ತಿದೆ. ಇಷ್ಟು ದಿನ ಆಸ್ಪತ್ರೆಯ ಚಾದರದ ಮೂಲೆಗೆ ಕೆಂಪು ದಾರ ಇದ್ದರೆ ಆಪರೇಷನ್ ಕೋಣೆ, ನೀಲಿ ಇದ್ದರೆ ಮಕ್ಕಳ ವಾರ್ಡು ಎಂದು ಗುರುತಿಸಿ ಬೇರೆ ಮಾಡುತ್ತಿದ್ದೆವು. ಇನ್ನು ಮುಂದೆ ಚೀಟಿಯಲ್ಲಿ ಬರೆದಿರುತ್ತದಂತೆ. ಮೊನ್ನೆ ಗುತ್ತಿಗೆದಾರರು ಗೋಡೆಗೆ ಒಂದು ನೋಟೀಸು ಅಂಟಿಸಿದರು. ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ರೋಲರಮ್ಮ, ಅದೇ, ನನಗೆ ಹನ್ನೆರಡು ವರ್ಷವಾಗಿದ್ದಾಗ ಸುಡುವ ರೋಲರಿಗೆ ಬೆರಳು ಕೊಡದೆ ಚಾದರ ಒತ್ತುವುದನ್ನು ಕಲಿಸಿದವಳು, “ಓದವ್ವಾ ಪಂಡಿತೆ, ನಮ್ಮ ಹಣೇಲಿ ಏನ್ ಬರ್ದಿದಾರೆ ನೋಡೋಣ” ಅಂದಳು.

ಮೊದಲ ಸಾಲು ಬಂತು. ಉಳಿದ ಸಾಲುಗಳಲ್ಲಿ ಜೇಬಿನ ಮೇಲೆ ಜೇಬು, ಓದಲಾಗಲಿಲ್ಲ. ಆ ಮೊದಲ ಸಾಲನ್ನು ಚಹಾದ ಹೊತ್ತಿನಲ್ಲಿ ಬರೆದುಕೊಂಡೆ. ಸರಿಯಿದೆಯೇ ನೋಡಿ ಹೇಳು:

ಈ ಕೆಳಕಂಡ ಹನ್ನೊಂದು ಮಂದಿಯನ್ನು ಬರುವ ತಿಂಗಳ ಒಂದರಿಂದ ರಜಾ ಮಾಡಲಾಗಿದೆ.

ಹೊಸ ಯಂತ್ರ ಕೂರಿಸುವವರೆಗೆ ರಜೆ ಇರಬೇಕು ಎಂದು ಎಲ್ಲರೂ ಅನ್ನುತ್ತಿದ್ದಾರೆ. ನನ್ನ ಹೆಸರು ಅದರಲ್ಲಿಲ್ಲ. ಹನ್ನೊಂದೂ ಜನ ಹೆಬ್ಬೆಟ್ಟು ಒತ್ತಬೇಕು, ನಾನು ‘ಓದಿ ಹೇಳಿದವರು’ ಎಂಬಲ್ಲಿ ಸಹಿ ಹಾಕಬೇಕು ಎಂದು ಗುತ್ತಿಗೆದಾರರು ಹೇಳಿದ್ದಾರೆ. ಇಪ್ಪತ್ತಮೂರನೇ ತಾರೀಖಿನವರೆಗೆ ಸಮಯವಿದೆ. ನೀನು ಸರಿ ಎಂದ ಮೇಲೇ ಹಾಕುವುದು ಎಂದು ಅವರಿಗೆಲ್ಲ ಹೇಳಿದ್ದೇನೆ. ಬೇಗ ಬರೆ.

ನಿನ್ನ ಅಕ್ಕ

*

ಮಾರ್ಚ್ 19

ಅಕ್ಕ,

ಆತುರದಲ್ಲಿದ್ದೇನೆ. ನಿನ್ನ ಕಾಗದ ತಿದ್ದಿ ಕಳಿಸಿದ್ದೇನೆ, ಈ ಸಲ ಹತ್ತೊಂಬತ್ತೇ ತಪ್ಪು. ನೋಟೀಸಿನ ಸಾಲಿನಲ್ಲೇ ಮೂರು. ‘ಮಂದಿಯನ್ನು’ ಅಲ್ಲ, ‘ಮಂದಿಗೆ’. ‘ರಜಾ’ ಅಲ್ಲ, ‘ರಜೆ’. ‘ಮಾಡಲಾಗಿದೆ’ ಅಲ್ಲ, ‘ನೀಡಲಾಗಿದೆ’. ನೋಡಿ ಬರೆಯುವಾಗಲಾದರೂ ಗಮನ ಬೇಡವೇ?

ರಜೆ ತಾನೇ, ಸಹಿ ಹಾಕಲಿ. ಇದಕ್ಕೆಲ್ಲ ನನ್ನನ್ನು ಕೇಳಬೇಕೇ.

ಇಂತು,
ನಿನ್ನ ತಂಗಿ,
ದ್ವಿತೀಯ ದರ್ಜೆ ಗುಮಾಸ್ತೆ

*

ಏಪ್ರಿಲ್ 4

ಗುಬ್ಬಿ,

ಅದು ರಜಾ ಅಲ್ಲ. ವಜಾ.

ನನಗೆ ಆ ಪದ ಗೊತ್ತಿರಲಿಲ್ಲ. ಅಚ್ಚು ಮಾಸಿತ್ತು, ಗೊತ್ತಿದ್ದ ಪದ ಕಣ್ಣಿಗೆ ಬಿತ್ತು, ಅದನ್ನೇ ಓದಿದೆ. ಒಂದನೇ ತಾರೀಖು ಏನೋ ಬಟ್ಟೆ ಮರೆತೆ ಎಂದು ರೋಲರಮ್ಮ ಬಂದಳು. ಗೇಟಿನವನು ಒಳಗೆ ಬಿಡಲಿಲ್ಲ. “ನಿನ್ನ ಕೆಲಸ ಹೋಯ್ತಲ್ಲಮ್ಮ, ನೀನೇ ಒಪ್ಪಿ ಹೆಬ್ಬೆಟ್ಟು ಒತ್ತಿದೀಯ” ಅಂದನಂತೆ. ಅವಳು ನಕ್ಕಳಂತೆ, ತಮಾಷೆ ಅಂದುಕೊಂಡು. ನಾನು ಒಳಗೆ ಹೊಸ ಯಂತ್ರದ ಮುಂದೆ ನಿಂತು ಚೀಟಿ ಓದುತ್ತಿದ್ದೆ. ಮಕ್ಕಳ ವಾರ್ಡು, ಹೆರಿಗೆ ವಾರ್ಡು, ಎಲ್ಲ ಸರಿಯಾಗಿ ಓದುತ್ತಿದ್ದೆ.

ಓದು ಬಾರದವರನ್ನೆಲ್ಲ ತೆಗೆದಿದ್ದಾರೆ. ಓದು ಬರುವವಳೆಂದು ನನ್ನನ್ನು ಉಳಿಸಿಕೊಂಡಿದ್ದಾರೆ. ಆ ಪ್ರಮಾಣಪತ್ರದ ನಕಲು ಗುತ್ತಿಗೆದಾರರ ಕಡತದಲ್ಲಿದೆ. ಕಾರ್ಯದರ್ಶಿಗಳೇ ಹೆಮ್ಮೆಯಿಂದ ಕೊಟ್ಟದ್ದು.

ಈಗ ನೀನೇ ಯೋಚಿಸು, ಅವರೆಲ್ಲ ಏನು ತಿಳಿಯಬೇಕು? ಇಪ್ಪತ್ತಾರು ವರ್ಷ ಒಟ್ಟಿಗೆ ಒಗೆದವರು. ಬಾಣಂತಿಯಾದವಳ ಪಾಲಿನ ಕೆಲಸವನ್ನೂ ಹಂಚಿಕೊಂಡು ಮಾಡಿದವರು. ಮಂದಿರದಲ್ಲಿ ನಾನು ಕೂತ ಸಾಲಿನಲ್ಲಿ ಈಗ ಯಾರೂ ಕೂರುವುದಿಲ್ಲ. ಒಬ್ಬಳು ನನ್ನ ಮುಖಕ್ಕೇ ಹೇಳಿದಳು: “ಎಷ್ಟಕ್ಕೆ ಓದಿದೆ?” ಕಣ್ಣಿಗೆ ಮಣ್ಣೆರಚಿದವಳು ಎಂದೇ ಎಲ್ಲರ ಲೆಕ್ಕ. ರೋಲರಮ್ಮನಾದರೂ ಬೈದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು.

ನೋಟೀಸು ಹಿಡಿದುಕೊಂಡು ಮೇಷ್ಟ್ರ ಬಳಿಗೆ ಓಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿ ನೆಲದ ಮೇಲೆ ಕೂತರು. “ವಜಾ ಅನ್ನೋ ಪದ ಪ್ರಾರ್ಥನೆ ಪುಸ್ತಕದಲ್ಲಿ ಇಲ್ಲಮ್ಮ. ದಯೆ ಇದೆ, ಕರುಣೆ ಇದೆ. ನಾನ್ ಎಲ್ಲಿಂದ ಕಲಿಸ್ಲಿ” ಅಂದರು. ಮಂದಿರದಿಂದ ಒಂದು ಮನವಿ ಬರೆದುಕೊಡಿ ಎಂದು ಕಾರ್ಯದರ್ಶಿಗಳನ್ನು ಕೇಳಿದರೆ, “ಇದು ಆತ್ಮಕ್ಕೆ ಸಂಬಂಧಿಸಿದ ಜಾಗ, ಜಗಳಕ್ಕಲ್ಲ” ಎಂದು ಕೈ ತೊಳೆದುಕೊಂಡರು. ಕೊನೆಗೆ ಮೇಷ್ಟ್ರೇ ಹನ್ನೊಂದು ಜನರನ್ನೂ ನನ್ನನ್ನೂ ಕಾರ್ಮಿಕ ಅಧಿಕಾರಿಗಳ ಹತ್ತಿರ ಕರೆದುಕೊಂಡು ಹೋದರು.

ಅಧಿಕಾರಿ ಕೆಟ್ಟವರಲ್ಲ. ಆದರೆ ಅವರೆಂದರು: “ಓದಿ ಹೇಳಿದ್ದಾರೆ, ಒಪ್ಪಿದ್ದಾರೆ, ಸಹಿ ಇದೆ. ತಪ್ಪು ತಿಳ್ಕೊಂಡು ಒಪ್ಪಿದ್ದು ಅನ್ನೋದಕ್ಕೆ ಏನಾದ್ರೂ ಬರಹದಲ್ಲಿ ಇದ್ರೆ ಹದಿನೆಂಟರ ಒಳಗೆ ತನ್ನಿ. ಬಾಯಿ ಮಾತು ನಡೆಯೋಲ್ಲ.”

ಬರಹದಲ್ಲಿ ಇರುವುದು ಒಂದೇ. ನಿನ್ನ ಕೆಂಪು ಶಾಯಿಯ ಹಾಳೆ, ಜೊತೆಗೆ ನಿನ್ನ ಕಚೇರಿಯ ಹಾಳೆಯ ಮೇಲಿನ ಆ ನಾಲ್ಕು ಸಾಲು. ನೀನೇ ಒಮ್ಮೆ ಬಂದು ಅಧಿಕಾರಿಗಳಿಗೆ ಹೇಳಿದರೆ ಇನ್ನೂ ಒಳ್ಳೆಯದು. ಒಂದು ದಿನ ಸಾಕು.

ಬೈಯುವುದಕ್ಕೆ ಬರೆಯುತ್ತಿಲ್ಲ. ಆದರೆ ಒಂದು ಕೇಳುತ್ತೇನೆ. ನಾನು ‘ಮಂದಿಯನ್ನು’ ಎಂದು ಸರಿಯಾಗಿಯೇ ಬರೆದಿದ್ದೆ. ಜನರನ್ನು ಯಾರಾದರೂ ರಜಾ ಮಾಡುತ್ತಾರೆಯೇ? ಅದನ್ನು ನೋಡಿ ನಿನಗೆ ಏನೂ ಅನ್ನಿಸಲಿಲ್ಲವೇ?

ನಿನ್ನ ಅಕ್ಕ

*

ಏಪ್ರಿಲ್ 9

ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆ ಪದವನ್ನು ನಾನು ವಾರಕ್ಕೆ ನಾಲ್ಕು ಸಲ ಟೈಪು ಮಾಡುತ್ತೇನೆ. ನೋಡಬೇಕಿತ್ತು, ನೋಡಲಿಲ್ಲ. ನಿನ್ನ ಕಾಗದ ಎಂದರೆ ಅದರಲ್ಲಿ ತಪ್ಪೇ ಇರುತ್ತದೆ ಎಂದುಕೊಂಡೇ ಪೆನ್ನು ಹಿಡಿದಿದ್ದೆ.

ಆದರೆ ಆ ಹಾಳೆ ಕೊಡಬೇಡ. ಕಾಲಿಗೆ ಬೀಳುತ್ತೇನೆ. ಕಚೇರಿಯ ತಲೆಬರಹದ ಹಾಳೆಯಲ್ಲಿ, ಹುದ್ದೆಯ ಹೆಸರು ಹಾಕಿ, ಹೊರಗಿನವರ ನೋಟೀಸಿಗೆ ‘ಸಹಿ ಹಾಕಲಿ’ ಎಂದು ಸಲಹೆ ಕೊಟ್ಟಿದ್ದೇನೆ. ಅದು ಹೊರಬಿದ್ದರೆ ನನ್ನ ಮೇಲೆ ಶಿಸ್ತುಕ್ರಮ. ನನ್ನನ್ನು ಮುಖ್ಯ ಗುಮಾಸ್ತೆ ಮಾಡುವ ಆದೇಶ ಸಹಿಗೆ ಹೋಗಿರುವ ಹೊತ್ತು ಇದು. ಹದಿನೇಳು ವರ್ಷ ಕಾದಿದ್ದೇನೆ.

ಆ ಹನ್ನೊಂದು ಜನಕ್ಕೆ ಇನ್ನೊಂದು ಕಡೆ ಒಗೆಯುವ ಕೆಲಸ ಸಿಕ್ಕೇ ಸಿಗುತ್ತದೆ. ನನಗೆ ಈ ಕುರ್ಚಿ ಇನ್ನೊಂದು ಕಡೆ ಸಿಗುವುದಿಲ್ಲ. ನೀನೇ ತಪ್ಪಾಗಿ ಓದಿದೆ ಎಂದು ಹೇಳಿಬಿಡು. ಕಲಿಯುತ್ತಿರುವವಳು, ಯಾರೂ ಏನೂ ಅನ್ನುವುದಿಲ್ಲ. ನನಗೋಸ್ಕರ ಇಷ್ಟೆಲ್ಲ ಮಾಡಿದ್ದೀಯ, ಇದೊಂದು ಮಾಡು. ಹಾಳೆಯನ್ನು ಹರಿದು ಹಾಕು.

ನಿನ್ನ ಗುಬ್ಬಿ

*

ಏಪ್ರಿಲ್ 16

ಗುಬ್ಬಿ,

ಹಾಳೆ ಕೊಟ್ಟೆ. ನಿನ್ನೆ.

ನಿನ್ನ ಕಾಗದವನ್ನು ಐದು ದಿನ ಕುಪ್ಪಸದಲ್ಲಿಟ್ಟುಕೊಂಡು ತಿರುಗಿದೆ. ಎಷ್ಟೋ ವರ್ಷದ ಮೇಲೆ ‘ನಿನ್ನ ಗುಬ್ಬಿ’ ಎಂದು ಬರೆದಿದ್ದೀಯ. ಅದನ್ನು ಓದುವುದಕ್ಕಾಗಿಯೇ ನಾನು ಕಲಿತದ್ದು ಎಂದರೂ ತಪ್ಪಿಲ್ಲ. ಒಮ್ಮೆ ಹರಿಯಲಿಕ್ಕೂ ಹಿಡಿದೆ. ಹಾಳೆಯ ಅಂಚು ಒಂದು ಬೆರಳಷ್ಟು ಹರಿದಿದೆ, ಅಧಿಕಾರಿ ಕೇಳಿದರು, ಕೈ ಜಾರಿತು ಅಂದೆ.

ನಾನೇ ತಪ್ಪಾಗಿ ಓದಿದೆ ಎಂದು ಹೇಳಿಬಿಡು ಎಂದಿದ್ದೀಯ. ಹೇಳಿಯಾಗಿದೆ, ಅದು ಸಾಲುವುದಿಲ್ಲ. ನಾನು ತಪ್ಪು ಓದುತ್ತೇನೆ ಎಂದು ಗೊತ್ತಿದ್ದೇ ಅವರು ನಿನ್ನ ಉತ್ತರಕ್ಕೆ ಕಾದರು. ನಿನ್ನ ಕಾಗದ ಬಂದ ದಿನ ಹನ್ನೊಂದು ಜನವೂ ರೋಲರಿನ ಹತ್ತಿರ ನೆರೆದಿದ್ದರು. ನಾನು ಓದಿ ಹೇಳಿದೆ. “ನಿನ್ ತಂಗಿ ಹೇಳಿದ್ಲು ಅಂದ್ಮೇಲೆ ಮುಗೀತು” ಎಂದು ರೋಲರಮ್ಮ ಮೊದಲು ಹೆಬ್ಬೆಟ್ಟು ಒತ್ತಿದಳು. ಅವಳು ನನ್ನನ್ನು ನಂಬಿ ಒತ್ತಿದ್ದಲ್ಲ, ನಿನ್ನನ್ನು ನಂಬಿ.

ನಿನ್ನನ್ನು ಓದಿಸಿದವಳು ನಾನು. ಅವರಿಗೆ ಓದಿ ಹೇಳಿದವಳೂ ನಾನೇ. ಎರಡರಲ್ಲಿ ಒಂದನ್ನು ಹರಿದುಹಾಕು ಎಂದರೆ ಯಾವುದನ್ನು ಹರಿಯಲಿ? ಇನ್ನೊಂದು ಕಡೆ ಒಗೆಯುವ ಕೆಲಸ ಸಿಗುತ್ತದೆ ಎಂದೆಯಲ್ಲ, ಆ ಮಾತು ಬರೆಯದಿದ್ದರೆ ಬಹುಶಃ ಹರಿದುಬಿಡುತ್ತಿದ್ದೆ. ಆ ಒಗೆತದಲ್ಲೇ ನೀನು ಓದಿದ್ದು.

ಇಷ್ಟು ವರ್ಷ ನುಂಗಿಕೊಂಡದ್ದು ಒಂದಿದೆ, ಇವತ್ತು ಕೇಳಿಬಿಡುತ್ತೇನೆ. ಅದೇ ಮನೆ, ಅದೇ ಚಾಪೆ, ಹತ್ತು ವರ್ಷ. ಒಂದು ದಿನ, ಒಂದೇ ಒಂದು ದಿನ, ಅಕ್ಕಾ ಇದು ಅ ನೋಡು ಎಂದು ನೀನು ಪುಸ್ತಕವನ್ನು ನನ್ನ ಕಡೆ ತಿರುಗಿಸಲಿಲ್ಲ. ಯಾಕೆ?

ನಿನಗೆ ತೊಂದರೆ ಆಗುತ್ತದೆ ಎಂದು ಗೊತ್ತಿದ್ದೇ ಕೊಟ್ಟಿದ್ದೇನೆ. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ನಿನ್ನ ಅಕ್ಕ

*

ಮೇ 21

ಅಕ್ಕನವರಿಗೆ,

ಕಾರ್ಮಿಕ ಅಧಿಕಾರಿಗಳಿಂದ ಕಾಗದ ಬಂತು. ಮೇಲಧಿಕಾರಿಗಳು ತಮ್ಮ ಕೋಣೆಗೆ ಕರೆಸಿ, ಎಲ್ಲರೆದುರಿಗೆ ಆ ಹಾಳೆಯನ್ನು ಎತ್ತಿ ಹಿಡಿದು, “ಇದು ನಿಮ್ಮ ಅಕ್ಷರಾನಾ?” ಎಂದು ಕೇಳಿದರು. ಹೌದು ಎಂದೆ. ನಿಮ್ಮ ಹನ್ನೊಂದು ಜನಕ್ಕೆ ಅಷ್ಟು ಸಾಕಾಗಿರಬೇಕು. ಕುರ್ಚಿ ಪಕ್ಕದ ಮೇಜಿನವರಿಗೆ ಹೋಯಿತು. ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ಅಲ್ಲಿ ಕಿಟಕಿಯಿಲ್ಲ.

ಯಾಕೆ ಕಲಿಸಲಿಲ್ಲ ಎಂದು ಕೇಳಿದ್ದೀರಿ. ಹೇಳುತ್ತೇನೆ. ಅಕ್ಕ ದುಡಿದು ಓದಿಸಿದಳು ಎಂಬ ಮಾತನ್ನು ನಾನು ಕೇಳದ ದಿನವಿಲ್ಲ. ಪಾಸಾದರೆ ಅಕ್ಕನ ಪುಣ್ಯ, ಕೆಲಸ ಸಿಕ್ಕರೆ ಅಕ್ಕನ ಬೆವರು. ತಟ್ಟೆ ಮುಂದೆ ಕೂತರೆ ಬ್ಲೀಚಿನಿಂದ ಸಿಪ್ಪೆ ಎದ್ದ ನಿಮ್ಮ ಕೈ ಎದುರಿಗೆ ಬರುತ್ತಿತ್ತು, ತುತ್ತು ಇಳಿಯುತ್ತಿರಲಿಲ್ಲ. ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಓದು ಒಂದೇ. ಅದನ್ನೂ ನಿಮಗೆ ಕೊಟ್ಟಿದ್ದರೆ ನನ್ನ ಹತ್ತಿರ ಏನು ಉಳಿಯುತ್ತಿತ್ತು? ಅದಕ್ಕೇ ಕೊಡಲಿಲ್ಲ.

ಈಗ ಅದನ್ನೂ ತೆಗೆದುಕೊಂಡಿರಿ. ಇನ್ನು ಮೇಲೆ ನನಗೆ ಬರೆಯಬೇಡಿ.

(ಸಹಿ)

*

ಆಗಸ್ಟ್ 27

ಗುಬ್ಬಿ,

ಬರೆಯಬೇಡಿ ಎಂದ ಮೇಲೂ ಬರೆಯುತ್ತಿದ್ದೇನೆ. ನೀನು ನನ್ನನ್ನು ‘ನೀವು’ ಎಂದು ಕರೆದಿದ್ದನ್ನು ಮೊದಲ ಸಲ ಓದಿದಾಗ, ಯಾರಿಗೋ ಬರೆದ ಕಾಗದ ನನಗೆ ಬಂದಿದೆ ಎಂದುಕೊಂಡು ಲಕೋಟೆಯ ಮೇಲಿನ ವಿಳಾಸ ನೋಡಿದೆ. ನನ್ನದೇ ಇತ್ತು.

ಅಧಿಕಾರಿ ಆ ಹೆಬ್ಬೆಟ್ಟುಗಳು ನಡೆಯುವುದಿಲ್ಲ ಎಂದು ಆದೇಶ ಮಾಡಿದರು. ಅಷ್ಟು ಹೊತ್ತಿಗೆ ಮೂರು ತಿಂಗಳು. ನಾಲ್ವರು ಕೆಲಸ ಹುಡುಕಿಕೊಂಡು ಊರನ್ನೇ ಬಿಟ್ಟಿದ್ದರು, ಅವರನ್ನು ಹುಡುಕಿ ಹೇಳುವವರಿಲ್ಲ. ಏಳು ಜನ ಒಳಗೆ ಬಂದರು, ಆರು ತಿಂಗಳಲ್ಲಿ ಚೀಟಿ ಓದಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ರೋಲರಮ್ಮನಿಗೆ ಕೆಲಸ ಸಿಕ್ಕಿದೆ. ನನ್ನ ಜೊತೆ ಮಾತು ಇಲ್ಲ. ಒಂದೇ ಸಲ ಆಡಿದ್ದು: “ನೀನು ಓದಿದ್ದು ತಪ್ಪಲ್ಲ ಬಿಡು. ನಾನು ಇನ್ನೊಬ್ಬರ ಕಣ್ಣಲ್ಲಿ ನೋಡಿದ್ದು ತಪ್ಪು.” ಈಗ ಅವಳು ತರಗತಿಗೆ ಬರುತ್ತಾಳೆ, ನನಗೆ ಬೆನ್ನು ಮಾಡಿ ಕೂರುತ್ತಾಳೆ.

ಹೌದು, ತರಗತಿ ಇನ್ನೂ ಇದೆ. ಏಳು ಜನಕ್ಕೂ ಕಲಿಸಬೇಕಲ್ಲ, ಬೇರೆಲ್ಲಿ ಜಾಗ? ಮೇಷ್ಟ್ರು ಪ್ರಾರ್ಥನೆ ಪುಸ್ತಕವನ್ನು ಕಪಾಟಿನಲ್ಲಿಟ್ಟರು. ನಿಮ್ಮ ಮನೆಗೆ ಬಂದ ಕಾಗದ ಯಾವುದಿದ್ದರೂ ತನ್ನಿ, ಅದರಲ್ಲೇ ಕಲಿಯೋಣ ಎಂದರು. ಬಾಡಿಗೆ ಕರಾರು, ಆಸ್ಪತ್ರೆಯ ಒಪ್ಪಿಗೆ ಪತ್ರ, ಔಷಧಿಯ ಚೀಟಿ. ಕಾರ್ಯದರ್ಶಿಗಳು ಬಂದು, “ದೇವರ ಮನೇಲಿ ಇದೆಲ್ಲ ಯಾಕ್ರೀ” ಎಂದು ಮೂಗು ಮುರಿದರು. ಮೇಷ್ಟ್ರು ಹೊಲಿಯುವುದನ್ನು ನಿಲ್ಲಿಸಲಿಲ್ಲ. “ಅಂಗಿ ಬೇಕು ಅಂತ ಬಂದವರಿಗೆ ಇಷ್ಟು ದಿನ ಬರೀ ಗುಂಡಿ ಕೊಟ್ಟು ಕಳಿಸಿದ್ವಿ ಸ್ವಾಮಿ. ದೇವರು ನೋಡ್ತಾನೇ ಇದ್ದ” ಅಂದರು. ಆಮೇಲೆ ಕಾರ್ಯದರ್ಶಿಗಳು ದಾನಿಗಳಿಗೆ ಬರೆದ ವರದಿಯಲ್ಲಿ ಇದೂ ತಮ್ಮದೇ ಯೋಜನೆ ಎಂದು ಸೇರಿಸಿದ್ದಾರೆ. ಓದಿದೆ. ಒಳ್ಳೆಯ ಅಕ್ಷರ.

ಗೋಡೆಯ ಕಪ್ಪು ಬಟ್ಟೆಯ ಮೇಲೆ ಮೊದಲ ದಿನ ಮೇಷ್ಟ್ರು ರಜಾ, ವಜಾ ಎರಡನ್ನೂ ಪಕ್ಕಪಕ್ಕ ಬರೆದು, ಓದಿ ಹೇಳು ಎಂದು ನನ್ನನ್ನು ಕರೆದರು. ಎದ್ದು ನಿಂತೆ. ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬಾರದು ಕೂಡ.

ನಿನ್ನ ಕಿಟಕಿಯಿಲ್ಲದ ಕೋಣೆಯನ್ನು ದಿನಾ ನೆನೆಯುತ್ತೇನೆ. ಆದರೂ ಆ ಹಾಳೆಯನ್ನು ಇವತ್ತು ಕೇಳಿದರೂ ಕೊಡುತ್ತೇನೆ. ಇವೆರಡೂ ಒಟ್ಟಿಗೆ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ನನಗೆ ಬರುವುದಿಲ್ಲ. ಅಂದು ಮೇಲಧಿಕಾರಿಗಳ ಮುಂದೆ ನೀನು ಸುಳ್ಳು ಹೇಳದೆ ಹೌದು ಎಂದೆಯಲ್ಲ, ಅದನ್ನು ಓದಿ ನಾನು ಅತ್ತೆ. ಅದನ್ನು ಹೇಳಬೇಕೆಂದೇ ಜೂನ್‌ನಲ್ಲಿ ಬರೆದೆ, ಜುಲೈನಲ್ಲಿ ಬರೆದೆ, ಈ ತಿಂಗಳ ಮೊದಲಲ್ಲಿ ಮತ್ತೆ ಬರೆದೆ.

ಮೂರನೆಯದೂ ಇವತ್ತು ವಾಪಸ್ ಬಂತು. ಅಂಚೆಯವನು ಬಾಗಿಲಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. ಹೊಸಬ, ಧೋಬಿಖಾನೆಯ ಹೆಂಗಸಿಗೆ ಓದು ಬರುವುದಿಲ್ಲ ಎಂದುಕೊಂಡಿದ್ದಾನೆ. “ವಿಳಾಸ ಸಿಗ್ಲಿಲ್ಲ ಅಂತ ಬರ್ದಿದಾರಮ್ಮ. ಮನೆ ಬದಲಾಯಿಸಿರ್ಬೇಕು ಅವರು” ಅಂದ. ಮೆತ್ತಗಿನ ಮನಸ್ಸಿನವನು, ಪಾಪ.

ಲಕೋಟೆ ತಿರುಗಿಸಿ ನೋಡಿದೆ. ‘ಪಡೆಯಲು ನಿರಾಕರಿಸಿದ್ದಾರೆ’ ಎಂದಿತ್ತು. ಬೆರಳು ಇಡಲಿಲ್ಲ, ಅಕ್ಷರ ಕೂಡಿಸಲಿಲ್ಲ. ನೋಡಿದ ತಕ್ಷಣ ಓದಿಯಾಗಿತ್ತು.

“ಹೌದೇನಪ್ಪಾ, ಬದಲಾಯಿಸಿರಬಹುದು” ಅಂದೆ.

ನಿನ್ನ ಅಕ್ಕ